ಓದುಗರು ಹುಡುಕುವ ಪದವನ್ನೇ ಟ್ಯಾಗ್ ಮಾಡಿಕೊಂಡ ಬಗೆ: ನನ್ನ ಅನುಭವ

ಬರಿಗಣ್ಣಿಗೂ ಪುಟ್ಟ ದೂರದರ್ಶಕಕ್ಕೂ ಕಾಣುವ ಆಕಾಶದ ಬಗ್ಗೆ ನಾನು ಹಲವು ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ಆರಂಭದಲ್ಲಿ ಒಂದೊಂದು ಬರಹಕ್ಕೆ ಮೂರು ನಾಲ್ಕು ಸಂಜೆಗಳನ್ನು ಕೊಡುತ್ತಿದ್ದ ನಾನು, ಅದನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳುವಾಗ ಕೊನೆಯಲ್ಲಿ ಸೇರಿಸುವ ಟ್ಯಾಗ್‌ಗಳಿಗೆ ಅರ್ಧ ನಿಮಿಷವನ್ನೂ ಕೊಡುತ್ತಿರಲಿಲ್ಲ. ಬರಹದಲ್ಲಿ ಬಂದ ನಾಲ್ಕಾರು ನಾಮಪದಗಳಿಗೆ # ಚಿಹ್ನೆ ಅಂಟಿಸಿದರೆ ಕೆಲಸ ಮುಗಿಯಿತು ಎಂದೇ ತಿಳಿದಿದ್ದೆ.

ಆ ತಿಳಿವಳಿಕೆ ಬದಲಾದದ್ದು ಶನಿಗ್ರಹದ ಉಂಗುರಗಳ ಕುರಿತ ಒಂದು ಬರಹದಿಂದ. ಸಾಕಷ್ಟು ಶ್ರಮಪಟ್ಟು, ಉಂಗುರಗಳ ವಾಲಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಚಿತ್ರ ಬರೆದು ವಿವರಿಸಿದ್ದೆ. ಹಂಚಿಕೊಳ್ಳುವಾಗ #ಶನಿ ಎಂಬ ಟ್ಯಾಗ್ ಹಾಕಿದೆ. ಎರಡು ದಿನ ಕಳೆದರೂ ಬ್ಲಾಗಿಗೆ ಯಾರೂ ಬಾರದಿದ್ದಾಗ ನಾನೇ ಆ ಟ್ಯಾಗನ್ನು ಒತ್ತಿ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ರಾಶಿಫಲ, ದೋಷಪರಿಹಾರ, ಗೋಚಾರ. ಅವುಗಳ ನಡುವೆ ನನ್ನ ಉಂಗುರದ ಚಿತ್ರ. ಅಲ್ಲಿಗೆ ಬಂದಿದ್ದ ಒಬ್ಬರು ನನ್ನ ಪೋಸ್ಟಿನ ಕೆಳಗೆ, ಈ ವಾಲಿಕೆಯಿಂದ ತಮ್ಮ ರಾಶಿಗೆ ಏನಾಗುತ್ತದೆ ಎಂದು ವಿನಯದಿಂದಲೇ ಕೇಳಿದ್ದರು. ಅವರದು ತಪ್ಪಲ್ಲ. ಆ ಪದವನ್ನು ಆ ಜಾಲತಾಣದಲ್ಲಿ ಬಳಸುವವರೆಲ್ಲ ಒಂದು ಅರ್ಥದಲ್ಲಿ ಬಳಸುತ್ತಿದ್ದರು; ನಾನೊಬ್ಬನೇ ಇನ್ನೊಂದು ಅರ್ಥವನ್ನು ಹಿಡಿದು ಅಲ್ಲಿಗೆ ಹೋಗಿದ್ದೆ. ನನ್ನ ಬರಹದಲ್ಲಿ ಏನಿದೆ ಎಂಬುದಕ್ಕಿಂತ, ಅದನ್ನು ಓದಬಹುದಾದವರು ಈಗಾಗಲೇ ಯಾವ ಪದದ ಕೆಳಗೆ ಸೇರಿದ್ದಾರೆ ಎಂಬುದನ್ನು ನೋಡಿ ಟ್ಯಾಗ್ ಆರಿಸಬೇಕು ಎಂಬುದು ನನಗೆ ಅಂದು ಮನದಟ್ಟಾಯಿತು.

ಟ್ಯಾಗ್ ಹುಟ್ಟಿದ್ದೂ ಜನರನ್ನು ಒಂದೆಡೆ ಸೇರಿಸಲೆಂದೇ. 2007ರ ಆಗಸ್ಟ್ 23ರಂದು ತಂತ್ರಜ್ಞ ಕ್ರಿಸ್ ಮೆಸ್ಸಿನಾ ಅವರು ಗುಂಪುಗಳನ್ನು ಗುರುತಿಸಲು # ಚಿಹ್ನೆಯನ್ನು ಬಳಸಿದರೆ ಹೇಗೆ ಎಂದು ಟ್ವಿಟರ್‌ನಲ್ಲಿ ಕೇಳಿದ್ದರು. ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸುತ್ತಮುತ್ತ ಕಾಳ್ಗಿಚ್ಚು ಹಬ್ಬಿದಾಗ ಸುದ್ದಿಯನ್ನು ಒಟ್ಟುಗೂಡಿಸಲು ಜನ ಅದನ್ನು ಬಳಸಿಯೇಬಿಟ್ಟರು. ಟ್ವಿಟರ್ ಸ್ವತಃ ಟ್ಯಾಗ್‌ಗಳನ್ನು ಒತ್ತಬಹುದಾದ ಕೊಂಡಿಗಳನ್ನಾಗಿ ಮಾಡಿದ್ದು 2009ರಲ್ಲಿ. ಇನ್‌ಸ್ಟಾಗ್ರಾಂ 2011ರಲ್ಲಿ, ಫೇಸ್‌ಬುಕ್ 2013ರಲ್ಲಿ ಅದನ್ನು ಅಳವಡಿಸಿಕೊಂಡವು.

ಶನಿಯ ಪ್ರಸಂಗದ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಟ್ಯಾಗನ್ನಾದರೂ ಬಳಸುವ ಮೊದಲು ಅದರ ಪುಟವನ್ನು ತೆರೆದು, ಇತ್ತೀಚಿನ ಇಪ್ಪತ್ತು ಪೋಸ್ಟ್‌ಗಳನ್ನಾದರೂ ಓದುತ್ತೇನೆ. #ಆಕಾಶ ಎಂಬುದರಲ್ಲಿ ಆಕಾಶ ಎಂಬ ಹೆಸರಿನವರ ಹುಟ್ಟುಹಬ್ಬದ ಶುಭಾಶಯಗಳಿದ್ದವು. #ತಾರೆ ಎಂಬುದು ಸಿನಿಮಾ ನಟಿಯರ ಪಾಲಾಗಿತ್ತು. #ಚಂದ್ರಗ್ರಹಣದಲ್ಲಿ ಜ್ಯೋತಿಷ್ಯ, ಖಗೋಳ ಎರಡೂ ಬಗೆಯ ಬರಹಗಳಿದ್ದವು, ಆದರೆ ಫೋಟೊ ತೆಗೆಯುವವರು, ಶಾಲಾ ಶಿಕ್ಷಕರು, ವಿಜ್ಞಾನ ಲೇಖಕರು ಅಲ್ಲಿ ಗಣನೀಯವಾಗಿದ್ದರು, ಅದನ್ನು ಉಳಿಸಿಕೊಂಡೆ. ಶನಿಗೆ ಸಂಬಂಧಿಸಿದಂತೆ #ಶನಿಗ್ರಹ ಹಾಗೂ #ಖಗೋಳ ಎಂಬ ಜೋಡಿಯನ್ನು ಹಾಕತೊಡಗಿದೆ. ಬಂದವರು ಬೆರಳೆಣಿಕೆಯಷ್ಟೇ, ಆದರೆ ಬಂದವರು ಕೊನೆಯವರೆಗೆ ಓದಿದರು, ಪ್ರಶ್ನೆ ಕೇಳಿದರು, ಮುಂದಿನ ಬರಹಕ್ಕೂ ಬಂದರು.

ಕನ್ನಡದಲ್ಲಿ ಟ್ಯಾಗ್ ಬರೆಯುವವರು ಎದುರಿಸುವ ಕೆಲವು ತೊಡಕುಗಳಿವೆ. ಇಂಗ್ಲಿಷ್ ಬರಹಗಾರರಿಗಾಗಿ ಬರೆದ ಸಲಹೆಗಳಲ್ಲಿ ಇವು ಎಲ್ಲೂ ಸಿಗದ ಕಾರಣ ನಾನು ಒಂದೊಂದಾಗಿ ಎಡವಿಯೇ ಕಲಿಯಬೇಕಾಯಿತು. ಮೊದಲನೆಯದು ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ವಾಕ್ಯದ ನಡುವೆಯೇ ಪದಕ್ಕೆ # ಹಾಕಿದರೂ ಪದ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ‘ಇಂದು ರಾತ್ರಿ #ಚಂದ್ರಗ್ರಹಣವನ್ನು ನೋಡಿ’ ಎಂದು ಬರೆದರೆ, ಯಂತ್ರದ ದೃಷ್ಟಿಯಲ್ಲಿ ಟ್ಯಾಗ್ ‘ಚಂದ್ರಗ್ರಹಣವನ್ನು’ ಎಂಬುದೇ ಆಗುತ್ತದೆ, ಮತ್ತು ಆ ಟ್ಯಾಗಿನ ಪುಟದಲ್ಲಿ ನಾವೊಬ್ಬರೇ ಇರುತ್ತೇವೆ. ಹಾಗಾಗಿ ನಾನು ವಾಕ್ಯದೊಳಗೆ ಟ್ಯಾಗ್ ಹಾಕುವುದನ್ನು ಪೂರ್ತಿ ಬಿಟ್ಟೆ. ಪ್ರತ್ಯಯವಿಲ್ಲದ ಮೂಲ ರೂಪಗಳನ್ನು ಮಾತ್ರ ಪೋಸ್ಟಿನ ಕೊನೆಯಲ್ಲಿ ಬೇರೆ ಸಾಲಿನಲ್ಲಿ ಇಡುತ್ತೇನೆ. ಓದುವವರಿಗೂ ಇದೇ ಹಿತ.

ಎರಡನೆಯದು ಸಮಾಸ. ‘ಆಕಾಶ ವೀಕ್ಷಣೆ’ ಎಂದು ಬಿಡಿಸಿ ಬರೆಯುವವರೂ ‘ಆಕಾಶವೀಕ್ಷಣೆ’ ಎಂದು ಕೂಡಿಸಿ ಬರೆಯುವವರೂ ನಮ್ಮಲ್ಲಿದ್ದಾರೆ. ಬಿಡಿಸಿ ಬರೆದರೆ ಖಾಲಿ ಜಾಗದ ಬಳಿ ಟ್ಯಾಗ್ ಕತ್ತರಿಸಿ ಹೋಗಿ, ಮೊದಲ ಪದವಷ್ಟೇ ಕೊಂಡಿಯಾಗುತ್ತದೆ. ಅಡ್ಡಗೆರೆ, ಅಂದರೆ ಹೈಫನ್ ಹಾಕಿದರೂ ಅದೇ ಗತಿ. ಮೂರನೆಯದು ಕಣ್ಣಿಗೇ ಕಾಣದ ತೊಡಕು, ಮತ್ತು ನನ್ನನ್ನು ಬಹಳ ದಿನ ಕಾಡಿದ್ದು ಇದೇ. ಹಬಲ್ ಬಗ್ಗೆ ಬರೆದಾಗ #ಹಬಲ್‌ದೂರದರ್ಶಕ ಎಂದು ಟೈಪ್ ಮಾಡಿದ್ದೆ. ‘ಲ್’ ಅಕ್ಷರಕ್ಕೆ ‘ದೂ’ ಒತ್ತಾಗಿ ಸೇರಿಕೊಳ್ಳದಿರಲೆಂದು ನಡುವೆ ನಾವು ಕೀಲಿಮಣೆಯಲ್ಲಿ ಒತ್ತುವ ಒಂದು ಅಗೋಚರ ಸಂಕೇತವಿದೆ; ಶೂನ್ಯ ಅಗಲದ ಈ ಸಂಕೇತ ಯುನಿಕೋಡ್‌ನಲ್ಲಿ ತನ್ನದೇ ಸ್ಥಾನವಿರುವ ಪ್ರತ್ಯೇಕ ಚಿಹ್ನೆ. ಒಂದು ಜಾಲತಾಣದಲ್ಲಿ ಇಡೀ ಪದ ನೀಲಿಯಾಯಿತು. ಇನ್ನೊಂದರಲ್ಲಿ ‘ಹಬಲ್’ ಮಾತ್ರ ನೀಲಿಯಾಗಿ, ‘ದೂರದರ್ಶಕ’ ಕಪ್ಪಾಗಿಯೇ ಉಳಿಯಿತು. ಅಷ್ಟೇ ಅಲ್ಲ, ಆ ಸಂಕೇತವಿಲ್ಲದೆ ಅದೇ ಪದವನ್ನು ಬೇರೆಯವರು ಟೈಪ್ ಮಾಡಿದರೆ ಅದು ಬೇರೆಯೇ ಟ್ಯಾಗ್ ಆಗಿಬಿಡಬಹುದು. ಈಗ ನಾನು ಅಂಥ ಕಡೆ ಅಂಡರ್‌ಸ್ಕೋರ್ ಬಳಸಿ #ಹಬಲ್_ದೂರದರ್ಶಕ ಎಂದು ಬರೆಯುತ್ತೇನೆ. ದೃಷ್ಟಿದೋಷವುಳ್ಳವರು ಬಳಸುವ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳಿಗೆ ಇಂಗ್ಲಿಷ್ ಟ್ಯಾಗಿನಲ್ಲಿ ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಪದಗಳನ್ನು ಬಿಡಿಸಿ ಓದಲು ನೆರವಾಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ ಕಾರಣ, ಉದ್ದ ಟ್ಯಾಗ್‌ಗಳಲ್ಲಿ ಪದಗಳನ್ನು ಬೇರ್ಪಡಿಸಲು ಹೆಚ್ಚಿನ ಕಡೆ ಅಂಡರ್‌ಸ್ಕೋರ್ ಒಂದೇ ದಾರಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪದದ ಆಯ್ಕೆ. ಸೌರಮಂಡಲ, ಸೌರವ್ಯೂಹ ಎರಡೂ ಬಳಕೆಯಲ್ಲಿವೆ. ವ್ಯೋಮ, ಅಂತರಿಕ್ಷ, ಬಾಹ್ಯಾಕಾಶ ಮೂರೂ ಇವೆ. ಬರಹದೊಳಗೆ ನನಗೆ ವ್ಯೋಮ ಎಂಬ ಪದದ ಮೇಲೆ ಪ್ರೀತಿ ಹೆಚ್ಚು, ಆದರೆ ಟ್ಯಾಗಿನಲ್ಲಿ ಆ ಪ್ರೀತಿಯನ್ನು ಬದಿಗಿಟ್ಟು ಪತ್ರಿಕೆಗಳು ರೂಢಿಸಿದ ಬಾಹ್ಯಾಕಾಶವನ್ನೇ ಹಾಕುತ್ತೇನೆ. ಜನ ಬಾಯಲ್ಲಿ ಹೇಳುವ ಪದ ಟೆಲಿಸ್ಕೋಪ್ ಆಗಿರುವಾಗ ದೂರದರ್ಶಕ ಎಂದಷ್ಟೇ ಹಾಕಿ ಕೂತರೆ ಹೊಸಬರು ನಮ್ಮನ್ನು ತಲುಪುವುದೇ ಇಲ್ಲ. ಆದ್ದರಿಂದ ಎರಡನ್ನೂ ಹಾಕುತ್ತೇನೆ.

ಟ್ಯಾಗ್ ಎಷ್ಟು ದೊಡ್ಡದಿರಬೇಕು ಎಂಬುದೂ ನನಗೆ ಬಹಳ ಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ಇಂಗ್ಲಿಷಿನಲ್ಲಿ ‘ಸ್ಪೇಸ್’ ಎಂಬ ಟ್ಯಾಗಿನ ಕೆಳಗೆ ಕ್ಷಣಕ್ಷಣಕ್ಕೂ ಹೊಸ ಪೋಸ್ಟ್ ಬಂದು ಬೀಳುತ್ತದೆ; ನಮ್ಮದು ಕಣ್ಣಿಗೆ ಬೀಳುವ ಮೊದಲೇ ಕೆಳಗೆ ಹೋಗಿರುತ್ತದೆ. ಯಾರೂ ಬಳಸದ ಟ್ಯಾಗ್ ಕಟ್ಟಿಕೊಂಡರೂ ಪ್ರಯೋಜನವಿಲ್ಲ. ನನಗೆ ಹೊಂದಿದ್ದು ಮಧ್ಯಮ ಗಾತ್ರದ ಟ್ಯಾಗ್‌ಗಳು, ಅಂದರೆ ದಿನಕ್ಕೆ ಕೆಲವೇ ಪೋಸ್ಟ್‌ಗಳು ಬರುವ, ಒಬ್ಬರಿಗೊಬ್ಬರು ಉತ್ತರ ಕೊಡುವ ಜನರಿರುವ ಟ್ಯಾಗ್‌ಗಳು. ಅವುಗಳ ಜೊತೆಗೆ, ಒಂದು ನಿರ್ದಿಷ್ಟ ಘಟನೆಯ ಹೆಸರು ಸಿಕ್ಕರೆ ಅದು ಚಿನ್ನದಂಥದ್ದು. 2020ರ ಜುಲೈನಲ್ಲಿ ನಿಯೋವೈಸ್ ಧೂಮಕೇತು ಬರಿಗಣ್ಣಿಗೆ ಕಾಣಿಸಿದಾಗ, ಆ ಹೆಸರಿಗೆ ದಿನಬಳಕೆಯಲ್ಲಿ ಬೇರಾವ ಅರ್ಥವೂ ಇರದಿದ್ದ ಕಾರಣ ಆ ಟ್ಯಾಗನ್ನು ಒತ್ತಿದವರೆಲ್ಲ ಬಹುಮಟ್ಟಿಗೆ ಆ ಧೂಮಕೇತುವನ್ನೇ ಹುಡುಕುತ್ತಿದ್ದವರಾಗಿದ್ದರು. ಅದೇ ವರ್ಷ ಡಿಸೆಂಬರ್ 21ರಂದು ಗುರು ಮತ್ತು ಶನಿ ಆಕಾಶದಲ್ಲಿ ಸುಮಾರು 0.1 ಡಿಗ್ರಿಯಷ್ಟು ಹತ್ತಿರ ಬಂದಾಗ, ನಾನು ಬರಹವನ್ನು ಆ ದಿನ ಸಂಜೆ ಪ್ರಕಟಿಸುವ ಬದಲು ಒಂದು ವಾರ ಮೊದಲೇ ಪ್ರಕಟಿಸಿದೆ. ಘಟನೆಯ ಟ್ಯಾಗನ್ನು ಜನ ಹೆಚ್ಚಾಗಿ ಒತ್ತುವುದು ಅದು ನಡೆಯುವ ಮೊದಲು, ಎಲ್ಲಿ ಯಾವಾಗ ನೋಡಬೇಕು ಎಂದು ತಿಳಿದುಕೊಳ್ಳಲು. ಮುಗಿದ ಮೇಲೆ ಎಲ್ಲರೂ ತಮ್ಮ ಚಿತ್ರ ಹಾಕುವುದರಲ್ಲಿ ಮಗ್ನರಾಗಿರುತ್ತಾರೆ.

ಒಮ್ಮೆ, ಆ ದಿನ ಎಲ್ಲರ ಬಾಯಲ್ಲಿದ್ದ ಒಂದು ಪಂದ್ಯದ ಟ್ಯಾಗನ್ನು ನನ್ನ ಉಲ್ಕಾಪಾತದ ಬರಹಕ್ಕೆ ಸೇರಿಸಿದ್ದೆ. ನೋಡಿದವರ ಸಂಖ್ಯೆ ಏರಿತು, ಓದಿದವರು ಯಾರೂ ಇರಲಿಲ್ಲ. ಸಂಬಂಧವಿಲ್ಲದ ಟ್ಯಾಗ್ ಹಾಕುವುದು ಅಲ್ಲಿ ಮಾತಾಡುತ್ತಿರುವವರ ನಡುವೆ ನುಗ್ಗಿದಂತೆ. ಅನೇಕ ಜಾಲತಾಣಗಳ ನಿಯಮಗಳೂ ಇದನ್ನು ಸ್ಪ್ಯಾಮ್ ಎಂದೇ ಪರಿಗಣಿಸುತ್ತವೆ. ಮತ್ತೆಂದೂ ಹಾಗೆ ಮಾಡಲಿಲ್ಲ.

ವ್ಯಕ್ತಿಗಳನ್ನು ಟ್ಯಾಗ್ ಮಾಡುವ ವಿಷಯದಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಪ್ರತಿ ಬರಹಕ್ಕೂ ಪರಿಚಯದ ಮೂವತ್ತು ನಲವತ್ತು ಜನರ ಹೆಸರನ್ನು ಜೋಡಿಸುತ್ತಿದ್ದೆ. ನನಗೆ ಪಾಠ ಹೇಳಿದ ಹಿರಿಯ ಮೇಷ್ಟ್ರೊಬ್ಬರು ಒಂದು ದಿನ ಖಾಸಗಿಯಾಗಿ ಸಂದೇಶ ಕಳಿಸಿದರು: ‘ನೀನು ಬರೆದದ್ದನ್ನು ನಾನು ಹುಡುಕಿಕೊಂಡೇ ಓದುತ್ತೇನಪ್ಪಾ, ಅದನ್ನು ನನ್ನ ಗೋಡೆಗೆ ತಂದು ಅಂಟಿಸಬೇಡ.’ ಅವರ ಮಾತು ನನಗೆ ನಾಟಿತು. ಅಂದಿನಿಂದ ಬರಹದಲ್ಲಿ ಯಾರ ಚಿತ್ರವನ್ನೋ ಮಾಹಿತಿಯನ್ನೋ ಬಳಸಿದ್ದರೆ ಮಾತ್ರ ಅವರನ್ನು ಟ್ಯಾಗ್ ಮಾಡುತ್ತೇನೆ, ಅದೂ ಅವರ ಒಪ್ಪಿಗೆ ಪಡೆದು. ಹಾಗೆ ಟ್ಯಾಗ್ ಆದವರು ತಾವಾಗಿಯೇ ಬರಹವನ್ನು ಮುಂದೆ ಹಂಚುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎಲ್ಲ ಜಾಲತಾಣಗಳಿಗೂ ಒಂದೇ ಟ್ಯಾಗ್ ಸಾಲನ್ನು ನಕಲು ಮಾಡಿ ಅಂಟಿಸುವುದು ಸುಲಭವಾದರೂ ಫಲ ಕೊಡುವುದಿಲ್ಲ. ಇನ್‌ಸ್ಟಾಗ್ರಾಂ ಬಹುಕಾಲ ಒಂದು ಪೋಸ್ಟಿಗೆ 30 ಟ್ಯಾಗ್‌ಗಳವರೆಗೆ ಅವಕಾಶ ಕೊಟ್ಟಿತ್ತು. ನಾನೂ ಮೂವತ್ತನ್ನೂ ತುಂಬುತ್ತಿದ್ದೆ. ಆದರೆ 2021ರಲ್ಲಿ ಅವರೇ ಮೂರರಿಂದ ಐದು ಸಾಕು ಎಂದು ಸಲಹೆ ಕೊಟ್ಟರು, ಮತ್ತು ನಾನು ಐದಕ್ಕಿಳಿಸಿದ ಮೇಲೆ ನನಗೆ ನಷ್ಟವೇನೂ ಕಾಣಲಿಲ್ಲ. ಅಲ್ಲಿ ವಿವರಣೆಯಲ್ಲಿ ಹಾಕಿದ ಕೊಂಡಿಯನ್ನು ಒತ್ತಲು ಬರುವುದಿಲ್ಲವಾದ್ದರಿಂದ, ಬ್ಲಾಗಿನ ವಿಳಾಸವನ್ನು ಪರಿಚಯ ಪುಟದಲ್ಲಿ ಇಟ್ಟು ಅದನ್ನು ಪೋಸ್ಟಿನಲ್ಲಿ ತಿಳಿಸಬೇಕಾಗುತ್ತದೆ. ಬರಹ ಪ್ರಕಟಿಸುವ ತಾಣವಾದ ಮೀಡಿಯಂನಲ್ಲಿ ಒಂದು ಬರಹಕ್ಕೆ ಐದೇ ವಿಷಯಗಳು, ಅಂದರೆ ಐದೇ ಟ್ಯಾಗ್. ಟಂಬ್ಲರ್‌ನಲ್ಲಿ ಟ್ಯಾಗಿನ ಒಳಗೆ ಖಾಲಿ ಜಾಗ ಬಿಡಬಹುದಾದ್ದರಿಂದ ‘ಆಕಾಶ ವೀಕ್ಷಣೆ’ ಬಿಡಿಸಿಕೊಂಡೇ ನೆಮ್ಮದಿಯಾಗಿರುತ್ತದೆ. ನನ್ನಂಥ ಸಣ್ಣ ಬ್ಲಾಗಿಗೆ ಟ್ಯಾಗ್‌ಗಳು ನಿಜವಾಗಿ ಕೈಹಿಡಿದದ್ದು ಟ್ವಿಟರ್ ಬಗೆಯ ಜಾಲತಾಣವಾದ ಮಾಸ್ಟೊಡಾನ್‌ನಲ್ಲಿ. ಅಲ್ಲಿ ಅಪರಿಚಿತರು ನಮ್ಮನ್ನು ಕಂಡುಕೊಳ್ಳುವ ಮುಖ್ಯ ದಾರಿಯೇ ಟ್ಯಾಗ್, ಮತ್ತು 2022ರ ಕೊನೆಯಿಂದ ವ್ಯಕ್ತಿಯನ್ನು ಅನುಸರಿಸುವಂತೆ ಟ್ಯಾಗನ್ನೂ ಅನುಸರಿಸಬಹುದು. ಉಳಿದ ಹಲವು ಕಡೆ ಹುಡುಕಾಟ ಪೋಸ್ಟಿನ ಇಡೀ ಪಠ್ಯವನ್ನೇ ಓದುವುದರಿಂದ, ಟ್ಯಾಗಿನಲ್ಲಿ ಹಾಕುವ ಮುಖ್ಯ ಪದ ಪೋಸ್ಟಿನ ಮೊದಲ ಸಾಲಿನಲ್ಲೂ ಸಹಜವಾಗಿ ಬರುವಂತೆ ನೋಡಿಕೊಳ್ಳುತ್ತೇನೆ.

ಬ್ಲಾಗಿನೊಳಗಿನ ಟ್ಯಾಗ್‌ಗಳ ಕಥೆ ಬೇರೆ. ವರ್ಡ್‌ಪ್ರೆಸ್ ಡಾಟ್ ಕಾಂನಲ್ಲಿ ಒಂದು ಬರಹದ ಟ್ಯಾಗ್ ಮತ್ತು ವರ್ಗಗಳು ಒಟ್ಟು 15 ಮೀರಿದರೆ, ಹಲವು ಬ್ಲಾಗುಗಳ ಬರಹಗಳನ್ನು ಒಂದೆಡೆ ತೋರಿಸುವ ಅವರ ರೀಡರ್‌ನ ಟ್ಯಾಗ್ ಪುಟಗಳಲ್ಲಿ ಬರಹ ಕಾಣಿಸಿಕೊಳ್ಳುವುದಿಲ್ಲ ಎಂಬುದು ತಿಳಿದ ದಿನ ನಾನು ಹಳೆಯ ಬರಹಗಳನ್ನೆಲ್ಲ ತೆರೆದು ಕೂತೆ. ಗ್ರಹಣ, ಗ್ರಹಣಗಳು, ಚಂದ್ರಗ್ರಹಣ, ಚಂದ್ರ ಗ್ರಹಣ ಎಂದು ಒಂದೇ ವಿಷಯಕ್ಕೆ ನಾಲ್ಕು ಟ್ಯಾಗ್‌ಗಳು ಹುಟ್ಟಿಕೊಂಡಿದ್ದವು. ಒಂದನ್ನು ಉಳಿಸಿ ಮೂರನ್ನು ಅದರಲ್ಲಿ ವಿಲೀನ ಮಾಡಲು ಒಂದು ವಾರವೇ ಹಿಡಿಯಿತು.

ಓದುಗರಿಗೆ ಕಾಣದ ಇನ್ನೊಂದು ಬಗೆಯ ಟ್ಯಾಗ್‌ಗಳೂ ಇವೆ. ಕೊಂಡಿಯನ್ನು ಹಂಚಿದಾಗ ಯಾವ ಶೀರ್ಷಿಕೆ, ಯಾವ ಚಿತ್ರ, ಯಾವ ಸಾರಾಂಶ ತೋರಿಸಬೇಕು ಎಂದು ಜಾಲತಾಣಕ್ಕೆ ಹೇಳುವ ಈ ಓಪನ್ ಗ್ರಾಫ್ ಟ್ಯಾಗ್‌ಗಳನ್ನು ಫೇಸ್‌ಬುಕ್ 2010ರಲ್ಲಿ ತಂದಿತು. ನನ್ನ ಬರಹಗಳನ್ನು ಹಂಚಿದಾಗಲೆಲ್ಲ ಚಂದ್ರನ ಚಿತ್ರದ ಬದಲು ಬ್ಲಾಗಿನ ಪುಟ್ಟ ಲಾಂಛನ ಬರುತ್ತಿತ್ತು, ಏಕೆಂದರೆ ಚಿತ್ರದ ಟ್ಯಾಗ್ ಖಾಲಿಯಿತ್ತು. 1200×630 ಪಿಕ್ಸೆಲ್ ಅಳತೆಯ ಚಿತ್ರವನ್ನು ಅದಕ್ಕೆ ಜೋಡಿಸಿದ ಮೇಲೂ ಹಳೆಯದೇ ಕಾಣುತ್ತಿತ್ತು. ಜಾಲತಾಣ ಮೊದಲ ಸಲ ಓದಿದ ಮಾಹಿತಿಯನ್ನು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಫೇಸ್‌ಬುಕ್‌ನ ಶೇರಿಂಗ್ ಡಿಬಗ್ಗರ್ ಪುಟದಲ್ಲಿ ಕೊಂಡಿಯನ್ನು ಹಾಕಿ ಮತ್ತೊಮ್ಮೆ ಓದಿಸಿದಾಗಲೇ ಹೊಸ ಚಿತ್ರ ಬಂದದ್ದು. ಹ್ಯಾಷ್‌ಟ್ಯಾಗ್ ಓದುಗರನ್ನು ಪೋಸ್ಟಿನವರೆಗೆ ತರುತ್ತದೆ, ಅಲ್ಲಿಂದ ಬ್ಲಾಗಿಗೆ ಕರೆತರುವುದು ಈ ಚಿತ್ರ ಮತ್ತು ಶೀರ್ಷಿಕೆ. ಇದಕ್ಕೆ ಕೊಟ್ಟ ಒಂದು ಸಂಜೆ ನನ್ನ ಮಟ್ಟಿಗೆ ಅತ್ಯಂತ ಸಾರ್ಥಕವಾದ ಸಂಜೆ.

ಯಾವ ಟ್ಯಾಗ್ ಫಲ ಕೊಟ್ಟಿತು ಎಂದು ತಿಳಿಯಲು ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಹಂಚುವ ಕೊಂಡಿಯ ತುದಿಗೆ ಯುಟಿಎಂ ಗುರುತುಗಳನ್ನು ಸೇರಿಸಿದರೆ ಓದುಗರು ಯಾವ ಜಾಲತಾಣದ ಯಾವ ಪೋಸ್ಟಿನಿಂದ ಬಂದರು ಎಂಬುದು ಬ್ಲಾಗಿನ ಅಂಕಿಅಂಶಗಳಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಒಂದೇ ಪೋಸ್ಟಿನಲ್ಲಿ ಐದು ಟ್ಯಾಗ್‌ಗಳಿದ್ದರೆ ಯಾವುದು ಕೆಲಸ ಮಾಡಿತು ಎಂದು ಅದು ಹೇಳುವುದಿಲ್ಲ, ಹಾಗಾಗಿ ಒಂದು ಸಲಕ್ಕೆ ಒಂದೇ ಟ್ಯಾಗನ್ನು ಬದಲಾಯಿಸಿ ಕೆಲವು ಬರಹಗಳವರೆಗೆ ಗಮನಿಸುತ್ತೇನೆ. ನಿಧಾನದ ಕೆಲಸ, ಆದರೆ ಊಹೆಗಿಂತ ಮೇಲು.

2025ರ ಸೆಪ್ಟೆಂಬರ್ 7ರ ರಾತ್ರಿಯ ಪೂರ್ಣ ಚಂದ್ರಗ್ರಹಣಕ್ಕೆ ಆ ಪುಸ್ತಕದಲ್ಲಿ ನಾನು ಬರೆದುಕೊಂಡ ಸಾಲು ಇಷ್ಟೇ: ‘ಐದು ದಿನ ಮೊದಲು, #ಚಂದ್ರಗ್ರಹಣ, #ಖಗೋಳ, #ಆಕಾಶವೀಕ್ಷಣೆ, ಮೊದಲ ಸಾಲಿನಲ್ಲಿ ಪೂರ್ಣಗ್ರಹಣದ 82 ನಿಮಿಷ ಬರಲಿ.’ ಪೋಸ್ಟ್ ಹಾಕಿದ ನಂತರ ಪ್ರತಿ ಸಂಜೆ ಅರ್ಧ ಗಂಟೆ ಆ ಮೂರೂ ಟ್ಯಾಗ್‌ಗಳ ಪುಟಗಳಲ್ಲಿ ಕೂತು, ಯಾರಾದರೂ ಕೇಳಿದ ಪ್ರಶ್ನೆಗೆ ನನ್ನ ಬ್ಲಾಗಿನ ಕೊಂಡಿಯಿಲ್ಲದೆಯೇ ಉತ್ತರ ಬರೆದೆ. ಗ್ರಹಣದ ಮರುದಿನ ಬೆಳಿಗ್ಗೆ, ಹಾಗೆ ಉತ್ತರ ಪಡೆದವರಲ್ಲಿ ಒಬ್ಬರು ಮೊಬೈಲಿನಲ್ಲಿ ತೆಗೆದ ಕೆಂಪು ಚಂದ್ರನ ಚಿತ್ರವನ್ನು ಹಾಕಿ, ಕೆಳಗೆ ನನ್ನ ಬರಹದ ಕೊಂಡಿಯನ್ನು ತಾವೇ ಸೇರಿಸಿದ್ದರು.