ಹೊಸ ಸಿಕ್ಲಿಡ್ ಮೀನು ತಿಂತಾ ಇಲ್ವಾ? ಮೊದ್ಲು ಫುಡ್ ಡಬ್ಬ ಎತ್ತಿಡಿ (ನನ್ನ ಅನುಭವ)

ಕೋಲಾರದಲ್ಲಿ ಅಕ್ವೇರಿಯಂ ಇಡೋರು ಮೊದ್ಲು ಬೈಯೋದು ಬೋರ್ ನೀರನ್ನ. ಬಕೆಟ್ ಅಂಚಲ್ಲಿ ಬಿಳಿ ಪಟ್ಟೆ, ಗೀಸರ್ ಕಾಯಿಲ್ ಮೇಲೆ ಸುಣ್ಣ, ಬೇಳೆ ಎಷ್ಟ್ ಹೊತ್ತಾದ್ರೂ ಬೇಯಲ್ಲ. ಆದ್ರೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಇಡೋರಿಗೆ ಇದೇ ನೀರು ವರ. ಅಲ್ಲಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ರ ಮೇಲಿದ್ರೆ ಕ್ಷಾರ) 7.7ರಿಂದ 8.6ರ ತನಕ ಇರ್ತದೆ, ಗಡಸುತನ ನಮ್ಮ ಬೋರ್‌ನಷ್ಟು ಇಲ್ಲ ನಿಜ, ಆದ್ರೂ ಈ ಮೀನುಗಳು ಅದನ್ನ ಆರಾಮಾಗಿ ತಡ್ಕೊಳ್ತವೆ. ಆರ್‌ಓ ಬೇಡ, ಪಿಎಚ್ ಏರ್ಸೋ ಪೌಡರ್ ಬೇಡ. ನೀರು ಹಿಡಿದು ಒಂದು ರಾತ್ರಿ ಡ್ರಮ್ಮಲ್ಲಿ ಏರ್ ಸ್ಟೋನ್ ಹಾಕಿ ಬಿಡ್ತೀನಿ ಅಷ್ಟೇ, ಯಾಕಂದ್ರೆ ನೆಲದೊಳಗಿಂದ ಬರೋ ನೀರಲ್ಲಿ ಆಕ್ಸಿಜನ್ ಕಮ್ಮಿ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಅದು ಹಾರಿಹೋದ್ಮೇಲೆ ಪಿಎಚ್ ಮೇಲಕ್ಕೆ ಹೋಗಿ ನಿಲ್ತದೆ. ನಲ್ಲಿ ನೀರು ಹಾಕೋರು ಮಾತ್ರ ಆಂಟಿ ಕ್ಲೋರಿನ್ ಮರೀಬೇಡಿ.

ನಂದು ನಾಲ್ಕಡಿ ಟ್ಯಾಂಕು, ಸುಮಾರು 250 ಲೀಟರ್. ಯೆಲ್ಲೋ ಲ್ಯಾಬ್, ಮೈಂಗಾನೊ, ರೆಡ್ ಜೀಬ್ರಾ, ಎಲ್ಲಾ ಬಂಡೆ ಸಂದಿಲಿ ಬದುಕೋ ಜಾತಿ. ಫಿಲ್ಟರ್ ಹಳೇದು, ಮೀನಿನ ಗಲೀಜನ್ನ ಅರಗಿಸೋ ಬ್ಯಾಕ್ಟೀರಿಯಾ ಚೆನ್ನಾಗಿ ಕೂತಿದೆ, ಟೆಸ್ಟ್ ಮಾಡಿದ್ರೆ ಆ ಗಲೀಜಿಂದ ಬರೋ ವಿಷ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ. ಅದು ಸೊನ್ನೆ ಇಲ್ದೇ ಇರೋ ಟ್ಯಾಂಕಿಗೆ ಮೀನು ಬಿಟ್ಟು ತಿಂತಿಲ್ಲ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ, ಮೊದ್ಲು ನೀರು ಸರಿ ಮಾಡ್ಕೊಳ್ಳಿ.

ಮೀನು ತರೋದು ಹೆಚ್ಚಾಗಿ ಬೆಂಗಳೂರಿಂದ, ಬಸ್ಸಲ್ಲಿ ಕವರ್ ತೊಡೆ ಮೇಲಿಟ್ಕೊಂಡು. ಬಂದ ತಕ್ಷಣ ಟ್ಯಾಂಕ್ ಲೈಟ್ ಆಫ್. ಕವರ್ ಬಿಚ್ದೇ 15-20 ನಿಮಿಷ ನೀರಲ್ಲಿ ತೇಲಿಬಿಡ್ತೀನಿ, ಆಮೇಲೆ ಬಿಚ್ಚಿ ಟ್ಯಾಂಕ್ ನೀರನ್ನ ಸ್ವಲ್ಪ ಸ್ವಲ್ಪ ಲೋಟದಲ್ಲಿ ಹಾಕ್ತಾ ಬಂದು, ಕೊನೆಗೆ ನೆಟ್ಟಲ್ಲಿ ಮೀನು ಮಾತ್ರ ಎತ್ತಿ ಬಿಡೋದು, ಕವರ್ ನೀರು ಸಿಂಕಿಗೆ. ಇಲ್ಲೊಂದು ವಿಷ್ಯ ಇದೆ. ಪಾರ್ಸಲ್ಲಲ್ಲಿ ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬಂದ ಮೀನಿಗೆ ಗಂಟೆಗಟ್ಲೆ ಡ್ರಿಪ್ ಮಾಡ್ಬೇಡಿ (ಅಂದ್ರೆ ಟ್ಯಾಂಕ್ ನೀರನ್ನ ಕವರಿಗೆ ಹನಿ ಹನಿಯಾಗಿ ಬಿಡೋದು). ಮುಚ್ಚಿದ ಕವರಲ್ಲಿ ಮೀನು ಉಸಿರಾಡಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ತುಂಬ್ಕೊಂಡು ಪಿಎಚ್ ಇಳಿದಿರ್ತದೆ, ಪಿಎಚ್ ಕಮ್ಮಿ ಇರೋ ತನಕ ಅದರಲ್ಲಿರೋ ಅಮೋನಿಯಾ ಅಮೋನಿಯಂ ಆಗಿರ್ತದೆ, ಅಷ್ಟು ತೊಂದ್ರೆ ಕೊಡಲ್ಲ. ಕವರ್ ಬಿಚ್ಚಿ ಗಾಳಿ ತಾಗಿ, ಮೇಲಿಂದ ನಮ್ಮ ಬೋರ್ ನೀರೂ ಬಿತ್ತು ಅಂದ್ರೆ ಪಿಎಚ್ ಏರಿ ಅದೇ ಅಮೋನಿಯಂ ವಿಷ ಆಗ್ತದೆ, ಮೀನು ಅದರೊಳಗೇ ಕೂತಿರ್ತದೆ. ಅದಕ್ಕೆ ಅಂಥ ಪಾರ್ಸಲ್ ಬಂದ್ರೆ ಕವರ್ ಬಿಚ್ಚದೇ ಬಿಸಿ ಸರಿ ಹೊಂದ್ಸಿ, ಬಿಚ್ಚಿದ್ಮೇಲೆ ಬೇಗ ಎತ್ತಿ ಬಿಟ್ಬಿಡೋದೇ ವಾಸಿ.

ಬಿಡೋಕೆ ಮುಂಚೆ ಇನ್ನೊಂದು ಕೆಲಸ, ಕಲ್ಲುಗಳನ್ನ ಜಾಗ ಬದಲಾಯಿಸ್ತೀನಿ. ಹಳೇ ಮೀನುಗಳಿಗೆ ಒಂದೊಂದು ಸಂದಿ ತಮ್ದು ಅಂತ ಇರ್ತದೆ, ಹೊಸಬ ಬಂದ್ರೆ ಅಟ್ಟಿಸ್ಕೊಂಡು ಹೋಗ್ತವೆ. ಎಲ್ಲಾ ಕಲ್ಲೂ ಕದಲಿಸಿದ್ರೆ ಹಳಬರಿಗೂ ಮನೆ ಇಲ್ಲ ಹೊಸಬರಿಗೂ ಮನೆ ಇಲ್ಲ, ಜಗಳ ಅರ್ಧಕ್ಕರ್ಧ ಕಮ್ಮಿ. ಕಲ್ಲಿಗೇನು ನಮ್ಮೂರಲ್ಲಿ ಬರನಾ, ಗ್ರಾನೈಟ್ ತುಂಡು ಎಲ್ಲಿ ಬೇಕಾದ್ರೂ ಸಿಗ್ತದೆ, ತೊಳೆದು ಹಾಕಿದ್ರೆ ನೀರಿಗೆ ಏನೂ ಬಿಡಲ್ಲ. ಕಲ್ಲನ್ನ ಮರಳ ಮೇಲೆ ಇಡ್ಬೇಡಿ, ತಳದಲ್ಲೇ ಕೂರ್ಸಿ ಆಮೇಲೆ ಮರಳು ಹಾಕಿ, ಯಾಕಂದ್ರೆ ಇವು ತೋಡ್ತವೆ, ಕಲ್ಲು ಜಾರಿದ್ರೆ ಗ್ಲಾಸ್ ಹೋಯ್ತು.

ಇನ್ನು ಊಟ. ಮೊದಲನೇ ದಿನ ಏನೂ ಹಾಕಲ್ಲ. ಮೈ ಬಣ್ಣ ಮಾಸಿ, ರೆಕ್ಕೆ ಮಡಚ್ಕೊಂಡು, ಕಲ್ಲಿನ ಹಿಂದೆ ಕೂತಿರೋ ಮೀನಿಗೆ ಹಸಿವು ಇರಲ್ಲ, ಹೆದರಿಕೆ ಇರ್ತದೆ. ದೊಡ್ಡ ಆರೋಗ್ಯವಾಗಿರೋ ಸಿಕ್ಲಿಡ್ ವಾರ ಉಪವಾಸ ಇದ್ರೂ ಏನೂ ಆಗಲ್ಲ. ಇದನ್ನ ನಮ್ಮಮ್ಮಂಗೆ ಅರ್ಥ ಮಾಡ್ಸೋದೇ ಮೀನು ಸಾಕೋದಕ್ಕಿಂತ ಕಷ್ಟ. "ಏನಪ್ಪಾ, ಮನೆಗೆ ಬಂದಿರೋ ಜೀವಕ್ಕೆ ಒಂದು ತುತ್ತೂ ಹಾಕ್ದೇ ಕೂತಿದೀಯ, ನಿಂಗೆ ಹೊಟ್ಟೆಗೆ ಅನ್ನ ಇಳೀತದಾ" ಅಂತಾರೆ. ನಾನು "ಅಮ್ಮ, ನೀನು ಹಾಕೋ ತುತ್ತು ಅದು ತಿನ್ನಲ್ಲ, ಕೊಳೀತದೆ, ಅದರಿಂದ ಸಾಯ್ತದೆ" ಅಂತ ಹೇಳಿ ಫುಡ್ ಡಬ್ಬ ಬೀರು ಮೇಲಿಡ್ತೀನಿ. ನಿಜವಾಗ್ಲೂ ಹೊಸ ಮೀನು ಹಸಿದು ಸತ್ತಿದ್ದನ್ನ ನಾನು ನೋಡಿಲ್ಲ, ಪಾಪ ಅಂತ ಹಾಕಿದ ಫುಡ್ಡು ಕೊಳೆತು ಅಮೋನಿಯಾ ಏರಿ ಸತ್ತಿದ್ದು ಸುಮಾರು ಮನೆಗಳಲ್ಲಿ ನೋಡಿದೀನಿ.

ನನ್ನ ಹತ್ರ ಒಂದು ಉಪಾಯ ಇದೆ, ಖರ್ಚಿಲ್ಲದ್ದು. ಮೇಲ್ಗಡೆ ಮನೆ ಮಾಳಿಗೆಲಿ ಒಂದು ಹಳೇ ಟಬ್ಬಲ್ಲಿ ಟ್ಯಾಂಕಿಂದ ತೆಗೆದ ನೀರು ತುಂಬ್ಸಿ ಅಂಗೈ ಅಗಲದ ಕಲ್ಲುಗಳು ಹಾಕಿಟ್ಟಿರ್ತೀನಿ, ಮೇಲೆ ಸೊಳ್ಳೆ ಪರದೆ ಕಟ್ಟಿ. ಕೋಲಾರದ ಬಿಸಿಲಿಗೆ ಕಲ್ಲೆಲ್ಲಾ ಹಸಿರು ಪಾಚಿ ಹಿಡೀತದೆ. ಹೊಸ ಮೀನು ಬಂದಾಗ ಅಂಥ ಒಂದು ಕಲ್ಲು ಅದು ಅಡಗಿರೋ ಸಂದಿ ಹತ್ರ ಇಡೋದು. ಮೇಲಿಂದ ಬೀಳೋ ಪೆಲೆಟ್ (ಗುಳಿಗೆ ಫುಡ್ಡು) ನೋಡಿ ಬೆಚ್ಚಿ ಓಡೋ ಮೀನು ಕೂಡ ಕಲ್ಲಿನ ಪಾಚಿ ಬಿಡಲ್ಲ, ಮಲಾವಿಯಲ್ಲಿ ಬಂಡೆ ಸಂದಿಯ ಹೆಚ್ಚಿನ ಮೀನುಗಳ ಊಟಾನೇ ಅದು. ಮೊದ್ಲು ಮೂತಿ ಮಾತ್ರ ಆಚೆ ಬರ್ತದೆ, ಒಂದ್ಸಲ ಕೆರೆದು ಗಬಕ್ಕನೆ ಹಿಂದಕ್ಕೆ, ಸ್ವಲ್ಪ ಹೊತ್ತಾದ್ಮೇಲೆ ಅರ್ಧ ಮೈ ಆಚೆ, ಓರೆಯಾಗಿ ತಿರುಗಿ ಕಲ್ಲಿಗೆ ಬಾಯಿ ಒತ್ತಿ ಒತ್ತಿ ಕೀಳ್ತದೆ, ಆಗ ಮಡಚಿದ್ದ ಬೆನ್ನ ರೆಕ್ಕೆ ಏಳ್ತದೆ. ರೆಕ್ಕೆ ಎದ್ದಿದ್ದು ಕಂಡ್ರೆ ಮಾರನೇ ದಿನ ಸ್ಪಿರುಲಿನಾ (ಒಂಥರಾ ಪಾಚಿ) ಪೆಲೆಟ್ ಒಂದು ಚಿಟಿಕೆ ಹಾಕಬಹುದು. ಹಳೇ ಮೀನುಗಳಿಗೆ ಒಂದು ಮೂಲೆಲಿ ಹಾಕಿ ಸೇರ್ಸಿ, ಇನ್ನೊಂದು ಮೂಲೆಲಿ ಹೊಸದಕ್ಕೆ. ಬಾಯಿಗೆ ತಗೊಂಡು ಉಗಿದ್ರೆ ಗಾಬರಿ ಬೇಡ, ಉಗಿದು ಉಗಿದು ಕೊನೆಗೆ ನುಂಗ್ತದೆ. ನಾಲ್ಕೈದು ನಿಮಿಷ ಆದ್ಮೇಲೆ ಉಳಿದಿದ್ದನ್ನ ಪೈಪ್ ಹಾಕಿ ಎಳೆದುಬಿಡಿ.

ರುಚಿ ತೋರ್ಸೋಣ ಅಂತ ಬ್ಲಡ್ ವರ್ಮ್, ಟ್ಯೂಬಿಫೆಕ್ಸ್ ಹುಳ ಹಾಕೋರು ಇದಾರೆ. ಬೇಡ. ಪಾಚಿ ತಿನ್ನೋ ಮೀನಿನ ಕರುಳು ಉದ್ದ, ಪ್ರೋಟೀನ್ ಜಾಸ್ತಿ ಆದ್ರೆ ಹೊಟ್ಟೆ ಉಬ್ಬರ ಬರೋ ಸಾಧ್ಯತೆ ಹೆಚ್ಚು, ಅದೂ ಗಾಬರಿಲಿರೋ ಮೀನಿಗೆ. ಬೆಳ್ಳುಳ್ಳಿ ರಸದಲ್ಲಿ ಪೆಲೆಟ್ ನೆನೆಸಿ ಅಂತಾರೆ, ಮಾಡಿ ನೋಡಿದೀನಿ, ಮನೆಯೆಲ್ಲಾ ವಾಸನೆ ಬಂತೇ ಹೊರತು ವ್ಯತ್ಯಾಸ ಕಾಣ್ಲಿಲ್ಲ. ಡಿಸೆಂಬರ್ ಜನವರಿಲಿ ಮಾತ್ರ ಹೀಟರ್ ನೋಡ್ಕೊಳ್ಳಿ, ನಮ್ಮ ಕಡೆ ರಾತ್ರಿ ಚಳಿ ಜೋರು, ನೀರು 25-26 ಡಿಗ್ರಿ ಇದ್ರೆ ಒಳ್ಳೇದು, ತಣ್ಣಗಾದಷ್ಟೂ ತಿನ್ನೋದು ಕಮ್ಮಿ.

ವಾರ ಕಳೆದ್ರೂ ತಿಂತಿಲ್ಲ ಅಂದ್ರೆ ಆಗ ಗಮನ ಕೊಡ್ಬೇಕು. ಹೀಟರ್ ಹಿಂದೆ, ಮೇಲ್ಗಡೆ ಮೂಲೆಲಿ ಒಂದೇ ಕಡೆ ನಿಂತಿದ್ರೆ ಯಾರೋ ಹೊಡೀತಿದಾರೆ ಅಂತ, ಹೊಡೆಯೋನನ್ನ ಹಿಡಿದು ಬೇರೆ ಇಡಿ. ಹೊಟ್ಟೆ ಉಬ್ಬಿ ಬಿಳಿ ದಾರದಂಥ ಕಕ್ಕ ಮಾಡ್ತಿದ್ರೆ ಅದು ಕಾಯಿಲೆ, ಬೇರೆ ಟ್ಯಾಂಕಿಗೆ ಹಾಕಿ, ಮೆಟ್ರೊನಿಡಜೋಲ್ ಕೊಡೋದು ರೂಢಿ, ಡೋಸು ಗೊತ್ತಿರೋರನ್ನ ಕೇಳ್ಕೊಂಡೇ ಹಾಕಿ. ಇವೆರಡೂ ಅಲ್ಲ, ಮೀನು ಚುರುಕಾಗಿದೆ, ಗದ್ದ ಮಾತ್ರ ಕೆಳಗೆ ಉಬ್ಬಿದೆ, ಬಾಯಲ್ಲಿ ಏನೋ ಹೊರಳ್ಸ್ತಾ ಇದೆ ಅಂದ್ರೆ ಅದು ಹೆಣ್ಣು, ಬಾಯಲ್ಲಿ ಮೊಟ್ಟೆ ಇಟ್ಕೊಂಡಿದೆ. ಇವು ಸುಮಾರು ಮೂರು ವಾರ ಹಾಗೇ ಇರ್ತವೆ, ಅಲ್ಲೀ ತನಕ ತಿನ್ನಲ್ಲ ಅಂತ್ಲೇ ಲೆಕ್ಕ. ಅದಕ್ಕೆ ಔಷಧಿ ಗಿವ್ಷಧಿ ಹಾಕ್ಬೇಡಿ, ಮರಿಗೆ ಒಂದು ಚಿಕ್ಕ ಟ್ಯಾಂಕ್ ರೆಡಿ ಮಾಡ್ಕೊಳ್ಳಿ.