ಒಂದೊಂದು ಕಣಿವೆಗೆ ಒಂದೊಂದು ಚೀಲ

ಹಾರ್ವೆಸ್ಟ್‌ಮನ್ ಅಂದರೆ ಉದ್ದ ಕಾಲಿನ, ಜೇಡದಂಥ ಜೀವಿ ನೆನಪಿಗೆ ಬರುತ್ತದೆ, ಅಲ್ವಾ? ಅವುಗಳಲ್ಲೇ ಪೆಟಾಲಿಡೇ ಎಂಬ ಕುಟುಂಬದವು ಹಾಗಲ್ಲ. ಗಿಡ್ಡ ಕಾಲು, ಗಟ್ಟಿ ಮೈ, ಕೆಲವೇ ಮಿಲಿಮೀಟರ್ ಉದ್ದ. ಉಣ್ಣಿ ಹುಳ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ.

ನಾನು ಇವನ್ನು ಹುಡುಕಿದ್ದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬೀಚ್ (beech) ಮರಗಳ ಕಾಡಿನಲ್ಲಿ, ಅನುಮತಿ ಪತ್ರ ಪಡೆದ ಮೇಲೆ. ಮೇಲಿನ ಒಣ ಎಲೆ ಸರಿಸಿ, ಕೆಳಗಿನ ಒದ್ದೆ ತರಗನ್ನು ಜರಡಿ ಹಿಡಿಯುತ್ತಿದ್ದೆ. ಜರಡಿಯಿಂದ ಬಿದ್ದದ್ದನ್ನು ಬಿಳಿ ತಟ್ಟೆಯಲ್ಲಿ ತೆಳುವಾಗಿ ಹರಡಿ ಸುಮ್ನೆ ಕೂರಬೇಕು. ಮುಟ್ಟಿದರೆ ಇವು ಸತ್ತಂತೆ ಬಿದ್ದಿರುತ್ತವೆ. ಬೇರೆ ಹುಳಗಳೆಲ್ಲ ಓಡಿಹೋದ ಮೇಲೆ ಮೆಲ್ಲಗೆ ಕಾಲು ಬಿಚ್ಚುತ್ತವೆ. ಸಿಕ್ಕಿದ್ದನ್ನು ಡಿಎನ್‌ಎ ಕೆಡದಂತೆ 95% ಆಲ್ಕೋಹಾಲ್‌ಗೆ ಹಾಕುತ್ತಿದ್ದೆ.

ಎರಡು ಜಾಗದ ತರಗನ್ನು ಎಂದೂ ಬೆರೆಸಲಿಲ್ಲ. ಕಣಿವೆ ಬದಲಾದರೆ ಚೀಲವೂ ಬೇರೆ, ಚೀಟಿಯೂ ಬೇರೆ. ಈ ಜೀವಿಗಳು ತೇವ ಬಿಟ್ಟು ದೂರ ಹೋಗುವುದಿಲ್ಲ. ಹಾಗಾಗಿ ಬೆಟ್ಟದ ಆಚೆ ಬದಿಯಲ್ಲಿ ಬೇರೆ ಪ್ರಭೇದವೇ ಇರಬಹುದು. ಪ್ರಭೇದ ಗುರುತಿಸಲು ಗಂಡು ಸಿಗಲೇಬೇಕು. ಅದರ ನಾಲ್ಕನೇ ಕಾಲಿನ ತುದಿಯಲ್ಲಿ ಅಡೆನೋಸ್ಟೈಲ್ ಎಂಬ ಮುಳ್ಳಿನಂಥ ಭಾಗವಿದೆ. ನಾನು ಮೊದಲು ನೋಡುವುದೇ ಅದನ್ನು. ಇಲ್ಲಿನ ಈ ಜೀವಿಗಳ ಬಗ್ಗೆ ನ್ಯೂಜಿಲೆಂಡಿನ ಜೇಡತಜ್ಞ ರೇ ಫಾರ್ಸ್ಟರ್ 1948ರಲ್ಲೇ ಬರೆದಿದ್ದಾರೆ. ಅವರ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದೆ.

ನ್ಯೂಜಿಲೆಂಡಿನಲ್ಲಿ ರಕಾಯಾ, ಅವೊರಾಕಿ, ನಿಯೋಪರ್ಸೆಲಿಯಾ ಎಂಬ, ಈ ಕುಟುಂಬದ ಮೂರು ಕುಲಗಳಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಆಸ್ಟ್ರೋಪರ್ಸೆಲಿಯಾ, ಅದೇ ದೇಶದ ನೈಋತ್ಯ ಮೂಲೆಯಲ್ಲಿ ಕರಿಪರ್ಸೆಲಿಯಾ. ಚಿಲಿಯಲ್ಲಿ ಚಿಲಿಯೊಗೋವಿಯಾ, ಶ್ರೀಲಂಕಾದಲ್ಲಿ ಪೆಟಾಲಸ್. ದಕ್ಷಿಣ ಆಫ್ರಿಕಾ ಮತ್ತು ಮಡಗಾಸ್ಕರ್‌ನಲ್ಲೂ ಇವುಗಳ ನಂಟರಿದ್ದಾರೆ. ಈ ಜಾಗಗಳನ್ನು ಇಂದಿನ ಭೂಪಟದಲ್ಲಿ ಗುರುತು ಹಾಕಿದರೆ ತಲೆಬುಡ ತಿಳಿಯುವುದಿಲ್ಲ. ಗೊಂಡ್ವಾನ ಎಂಬ ಪುರಾತನ ದಕ್ಷಿಣ ಖಂಡ ಒಂದೇ ನೆಲವಾಗಿದ್ದಾಗಿನ ಭೂಪಟದಲ್ಲಿ ಹಾಕಿದೆ, ಎಲ್ಲವೂ ಹತ್ತಿರ ಹತ್ತಿರ ಬಂದವು. ಕಡಲು ದಾಟಲಾರದ ಜೀವಿಗಳು ತಾವಿದ್ದ ನೆಲದ ಜೊತೆಗೇ ದೂರವಾದವು.

ಸುಮಾರು 2.5 ಕೋಟಿ ವರ್ಷಗಳ ಹಿಂದೆ ನ್ಯೂಜಿಲೆಂಡ್ ಪೂರ್ತಿ ಮುಳುಗಿತ್ತೇ ಎಂಬ ವಾದವಿದೆ. ಪೂರ್ತಿ ಮುಳುಗಿದ್ದರೆ ಇವು ಉಳಿಯುತ್ತಿರಲಿಲ್ಲ, ಇಷ್ಟು ಬಗೆಯಾಗಿ ಕವಲೊಡೆಯುತ್ತಲೂ ಇರಲಿಲ್ಲ. ಒಂದಷ್ಟು ನೆಲವಾದರೂ ನೀರಿನ ಮೇಲೆ ಇತ್ತೆಂದೇ ನಾನು ನಂಬುತ್ತೇನೆ.