ಸನ್‌ಸ್ಕ್ರೀನ್ ಹಚ್ಚುವ ಕ್ರಮ: ಅವರೆಕಾಳಿನಷ್ಟು ಸಾಲದು

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಸರಕು ತರುವ ಟೆಂಪೊ ಚಾಲಕರ ಎರಡೂ ಮುಂಗೈಗಳನ್ನು ಒಟ್ಟಿಗೆ ನೋಡಿದರೆ, ಕಿಟಕಿಯ ಕಡೆಗಿರುವ ಬಲಗೈ ಎದ್ದು ಕಾಣುವಷ್ಟು ಕಪ್ಪಾಗಿರುತ್ತದೆ. ಗಾಜು ಏರಿಸಿಕೊಂಡೇ ಗಾಡಿ ಓಡಿಸುವವರೂ ಇದಕ್ಕೆ ಹೊರತಲ್ಲ. ಗಾಜಿನ ಮರೆಯಿದ್ದರೂ ಕೈ ಕಪ್ಪಾಗುವುದೇಕೆ ಎಂಬುದು ಅರ್ಥವಾದರೆ, ಸನ್‌ಸ್ಕ್ರೀನ್ ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಅರ್ಧದಷ್ಟು ಅಲ್ಲಿಗೇ ನಿಲ್ಲುತ್ತವೆ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಮೂರು ಬಗೆ. ಯುವಿಸಿ ಓಜೋನ್ ಪದರದಲ್ಲೇ ತಡೆಯಲ್ಪಡುವುದರಿಂದ ಅದರ ಚಿಂತೆ ನಮಗೆ ಬೇಡ. 280ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಯುವಿಬಿ ಬಹುಮಟ್ಟಿಗೆ ಹೊರಚರ್ಮದಲ್ಲೇ ಕೆಲಸ ಮಾಡುತ್ತದೆ; ಚರ್ಮ ಕೆಂಪೇರಿ ಉರಿಯುವುದೂ, ಜೀವಕೋಶಗಳ ಡಿಎನ್‌ಎಗೆ ನೇರವಾಗಿ ಪೆಟ್ಟು ಬೀಳುವುದೂ ಇದರಿಂದಲೇ. 315ರಿಂದ 400 ನ್ಯಾನೊಮೀಟರ್‌ವರೆಗಿನ ಯುವಿಎ ಒಳಚರ್ಮಕ್ಕೆ ಇಳಿದು ಕೊಲಾಜೆನ್ ಎಳೆಗಳನ್ನು ಸಡಿಲಿಸಿ ಸುಕ್ಕು ತರುತ್ತದೆ, ಚರ್ಮದಲ್ಲಿ ಮೊದಲೇ ಇರುವ ಮೆಲನಿನ್ನನ್ನು ಆ ಕ್ಷಣವೇ ಕಪ್ಪಾಗಿಸುತ್ತದೆ. ನೆಲ ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಶೇ 95ರಷ್ಟು ಯುವಿಎ. ಸಾಧಾರಣ ಗಾಜು ಯುವಿಬಿಯನ್ನು ಬಹುಪಾಲು ತಡೆದರೂ ಯುವಿಎಯನ್ನು ಒಳಗೆ ಬಿಡುತ್ತದೆ. ಚಾಲಕರ ಬಲಗೈ ಉರಿಯದೆಯೂ ಕಪ್ಪಾಗುವುದು ಹೀಗೆ.

ಉರಿ ಇಲ್ಲದಿದ್ದರೆ ಹಾನಿಯೂ ಇಲ್ಲ ಎಂದುಕೊಂಡು ಕೆಟ್ಟವರು ವಿದೇಶಗಳಲ್ಲಿ ಬಹಳ ಮಂದಿ. ಮೈಬಣ್ಣ ಕಂದಾಗಲೆಂದು ಅಲ್ಲಿನವರು ದುಡ್ಡು ಕೊಟ್ಟು ಮಲಗುವ ಟ್ಯಾನಿಂಗ್ ಬೆಡ್‌ಗಳ ಕೊಳವೆದೀಪಗಳು ಹೆಚ್ಚಾಗಿ ಯುವಿಎಯನ್ನೂ ಸ್ವಲ್ಪ ಯುವಿಬಿಯನ್ನೂ ಸೂಸುತ್ತವೆ. 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಸಾಧನಗಳನ್ನು, ತಂಬಾಕು ಇರುವ ಮೊದಲ ಗುಂಪಿಗೇ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಸೌಂದರ್ಯಕ್ಕಾಗಿ ಅವುಗಳ ಬಳಕೆಯನ್ನು ನಿಷೇಧಿಸಿತು. ತೊನ್ನು ಅಥವಾ ಸೋರಿಯಾಸಿಸ್‌ಗೆ ಚರ್ಮವೈದ್ಯರು ಕೊಡಿಸುವ 311 ನ್ಯಾನೊಮೀಟರ್‌ನ ಯುವಿಬಿ ಚಿಕಿತ್ಸೆಯನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಪ್ರಮಾಣವನ್ನು ಅಳೆದು, ಕಣ್ಣಿಗೆ ಕನ್ನಡಕ ಹಾಕಿಸಿ ಕೊಡುತ್ತಾರೆ.

ಮೊದಲು ಕೊಳ್ಳುವ ಮಾತು. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಯುವಿಬಿಯ ಲೆಕ್ಕ. ಎಸ್‌ಪಿಎಫ್ 30 ಅದರಲ್ಲಿ ಶೇ 97ರಷ್ಟನ್ನು ತಡೆದರೆ 50 ತಡೆಯುವುದು ಶೇ 98ರಷ್ಟನ್ನು. ಹಾಗಾಗಿ 100 ಎಂದು ಬರೆದದ್ದಕ್ಕೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ. ಯುವಿಎಗಾಗಿ ನೋಡಬೇಕಾದದ್ದು ಪಿಎ ಎಂಬ ಅಕ್ಷರಗಳ ಮುಂದಿನ ಕೂಡುಚಿಹ್ನೆಗಳನ್ನು. ಮೂರಕ್ಕಿಂತ ಕಡಿಮೆಯಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಸ್ಪ್ರೇ ರೂಪದ್ದನ್ನು ಕೊಳ್ಳಲೇಬೇಡಿ, ಅರ್ಧ ಗಾಳಿಯ ಪಾಲಾಗುತ್ತದೆ. ಸನ್‌ಸ್ಕ್ರೀನ್ ಬದಲು ವಾರದಲ್ಲಿ ಬೆಳ್ಳಗಾಗಿಸುವುದಾಗಿ ಹೇಳುವ ಕ್ರೀಮನ್ನು ಅಂಗಡಿಯವರು ಕೈಗಿಟ್ಟರೆ ತೆಗೆದುಕೊಳ್ಳಬಾರದು. ಅಂಥವುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ, ಅದು ಚರ್ಮವನ್ನು ತೆಳುವಾಗಿಸಿ ಬಿಸಿಲು ಇನ್ನಷ್ಟು ತಾಗುವಂತೆ ಮಾಡುತ್ತದೆ.

ಮುಖ ತೊಳೆದು ಒರೆಸಿಕೊಳ್ಳಿ. ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ.

ನಮ್ಮ ಬೀದಿಯ ಶಿಕ್ಷಕಿಯೊಬ್ಬರು ದಿನವೂ ಸ್ಕೂಟರಿನಲ್ಲಿ ಬಂಗಾರಪೇಟೆಗೆ ಹೋಗಿಬರುತ್ತಾರೆ. ಯುಗಾದಿಗೆ ಕೊಂಡ 50 ಗ್ರಾಂ ಟ್ಯೂಬು ದಸರೆಯವರೆಗೂ ಬಂತೆಂದು ಅವರು ಹೆಮ್ಮೆಯಿಂದ ಹೇಳಿದಾಗ, ಹೇಗೆ ಹಚ್ಚುತ್ತೀರಿ ತೋರಿಸಿ ಎಂದೆ. ಅವರೆಕಾಳಿನಷ್ಟು ಕ್ರೀಮನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆ, ಕೆನ್ನೆ, ಕುತ್ತಿಗೆ, ಕೊನೆಗೆ ಎರಡೂ ಕೈಗಳಿಗೆ ಅದನ್ನೇ ಎಳೆದೆಳೆದು ಮುಗಿಸಿದರು. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಕ್ರೀಮು ಹಚ್ಚಿರುತ್ತಾರೆ. ಅದಕ್ಕಿಂತ ತೆಳುವಾಗಿ ಹಚ್ಚಿದರೆ ಡಬ್ಬಿಯ ಮೇಲಿನ ಸಂಖ್ಯೆ ನಿಮ್ಮ ಚರ್ಮಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಅಳೆಯಲು ಸುಲಭದ ದಾರಿಯೊಂದಿದೆ: ತೋರುಬೆರಳು ಮತ್ತು ನಡುಬೆರಳುಗಳ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆದರೆ ಅದು ಮುಖಕ್ಕೂ ಕುತ್ತಿಗೆಗೂ ಸಾಕು, ಮೊಣಕೈಯಿಂದ ಕೆಳಗೆ ಪ್ರತಿ ಕೈಗೆ ಬೇರೆಯಾಗಿ ಒಂದು ಗೆರೆ ಬೇಕು. ಎರಡು ಗೆರೆಯನ್ನು ಒಂದೇ ಸಲ ಮುಖಕ್ಕೆ ಬಳಿದರೆ ಜಿಡ್ಡಾಗಿ ಕೂರುವುದರಿಂದ, ಒಂದನ್ನು ಚುಕ್ಕಿಚುಕ್ಕಿಯಾಗಿಟ್ಟು ಹರಡಿ, ಎರಡು ನಿಮಿಷ ಬಿಟ್ಟು ಇನ್ನೊಂದನ್ನು ಹಾಗೆಯೇ ಹಚ್ಚಬೇಕು. ತಿಕ್ಕಬಾರದು, ಒತ್ತಿ ಹರಡಬೇಕು. ಕಿವಿಯ ಮೇಲಂಚು, ಜಡೆ ಎತ್ತಿ ಕಟ್ಟಿದಾಗ ತೆರೆದುಕೊಳ್ಳುವ ಕತ್ತಿನ ಹಿಂಭಾಗ, ಸ್ಕೂಟರಿನ ಹಿಡಿಯ ಮೇಲಿರುವ ಕೈಬೆರಳುಗಳ ಹೊರಮೈ, ಚಪ್ಪಲಿಯ ಪಟ್ಟಿಗಳ ನಡುವಿನ ಪಾದ, ಇವು ಯಾವಾಗಲೂ ಮರೆತುಹೋಗುವ ಜಾಗಗಳು. ಪೌಡರಿಗೋ ಸ್ನೋಗೋ ಬೆರೆಸಿ ಹೆಚ್ಚು ಜಾಗಕ್ಕೆ ಹಬ್ಬಿಸುವ ಜಾಣತನ ಬೇಡ. ಪೌಡರು ಬೇಕಿದ್ದರೆ ಕ್ರೀಮು ಆರಿದ ಮೇಲೆ ಹಾಕಿಕೊಳ್ಳಬಹುದು. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬು ಒಂದು ತಿಂಗಳೂ ಬರುವುದಿಲ್ಲ. ದುಬಾರಿಯೆನಿಸಿದರೆ ಒತ್ತಾಗಿ ನೇಯ್ದ ಬಟ್ಟೆಯ ತುಂಬುತೋಳು ತೊಟ್ಟು, ಕ್ರೀಮನ್ನು ಮುಖಕ್ಕೆ ಮಾತ್ರ ಉಳಿಸಿಕೊಳ್ಳಿ.

ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಬಿಸಿಲಿನ ಕಾವನ್ನು ನೋಡಿ ತೀರ್ಮಾನಿಸುವುದು ಇನ್ನೊಂದು ತಪ್ಪು. ಕೋಲಾರ, ಚಿಕ್ಕಬಳ್ಳಾಪುರಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಏಪ್ರಿಲ್‌ನಲ್ಲಿ ಎಲ್ಲರೂ ಎಚ್ಚರ. ಆಗಸ್ಟ್‌ನಲ್ಲಿ ಮೋಡವಿದೆಯೆಂದು ಯಾರೂ ಗಮನಿಸುವುದಿಲ್ಲ, ಆದರೆ ತೆಳುಮೋಡ ಅತಿನೇರಳೆ ಕಿರಣಗಳನ್ನು ಹೆಚ್ಚು ತಡೆಯುವುದಿಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟದಲ್ಲಿ ತಂಗಾಳಿಯಿದ್ದರೂ ಈ ಕಿರಣಗಳು ಕೆಳಗಿನ ಊರಿಗಿಂತ ಪ್ರಬಲವಾಗಿರುತ್ತವೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿಬಿ ಜೋರಾಗಿದೆ ಎಂದು ತಿಳಿಯಿರಿ.

ಕಪ್ಪಾದದ್ದನ್ನು ತೆಗೆಯಲು ನಿಂಬೆಹೋಳು ತಿಕ್ಕುವವರಿಗೆ ಒಂದು ಮಾತು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಸೊರಾಲೆನ್ ಜಾತಿಯ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಯುವಿಎ ಬಿದ್ದರೆ ಬೊಬ್ಬೆಯೆದ್ದು, ಅದು ಮಾಗಿದ ಮೇಲೂ ಕಪ್ಪು ಪಟ್ಟೆ ತಿಂಗಳುಗಟ್ಟಲೆ ಉಳಿಯಬಹುದು.

ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲಿಡಬೇಡಿ. ಬಿಸಿಲಿಗೆ ಕಾದ ಡಿಕ್ಕಿಯಲ್ಲಿ ಕ್ರೀಮು ನೀರೂ ಎಣ್ಣೆಯೂ ಆಗಿ ಒಡೆಯುತ್ತದೆ. ಒತ್ತಿದಾಗ ಮೊದಲು ನೀರು ಬಂದರೆ ಅದನ್ನು ಎಸೆಯುವುದೇ ಸರಿ.